ಪ್ರಶ್ನಾವಳಿಯ ಭಾಷಾಂತರ ಮತ್ತು ಮನಸ್ಸಿನ ಅಳತೆ

ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯಿಂದ ಮೇಲಕ್ಕೆ ಬರುವ ಒಂದು ಟನ್ ಅದಿರಿನಲ್ಲಿ ಅಡಗಿರುವ ಚಿನ್ನವು ಕೆಲವೇ ಗ್ರಾಂ. ಕಣ್ಣಿಗೆ ಕಾಣದ ಇಂಥ ಅಲ್ಪಾಂಶವನ್ನು ನಿರ್ಣಯಿಸಲು ಲೋಹಪರೀಕ್ಷಕರು ಬಹು ಹಿಂದಿನಿಂದಲೂ ಅನುಸರಿಸಿಕೊಂಡು ಬಂದ ಒಂದು ಕ್ರಮವುಂಟು. ಅದಿರನ್ನು ನುಣ್ಣಗೆ ಅರೆದು, ಸೀಸದ ಆಕ್ಸೈಡಿನೊಡನೆ ಬೆರೆಸಿ ಕುಲುಮೆಯಲ್ಲಿ ಕರಗಿಸುವರು. ಕರಗಿದ ಸೀಸವು ಚಿನ್ನವನ್ನೂ ಬೆಳ್ಳಿಯನ್ನೂ ತನ್ನೊಳಕ್ಕೆ ಸೆಳೆದುಕೊಂಡು ತಳಕ್ಕೆ ಇಳಿಯುವುದು. ಆ ಸೀಸದ ಗುಂಡನ್ನು ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಕಾಯಿಸಿದರೆ ಸೀಸವು ಹೀರಿಹೋಗಿ ಸಾಸಿವೆಗಿಂತಲೂ ಚಿಕ್ಕದಾದ ಒಂದು ಮಣಿ ಉಳಿಯುವುದು. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕಳೆದು ಉಳಿದುದನ್ನು ತೂಗಿದರೆ ಅದೇ ಚಿನ್ನ. ತೂಗುವವರ ಮನೆಮಾತು ಕನ್ನಡವಾಗಲಿ, ತೆಲುಗಾಗಲಿ, ಉರ್ದುವಾಗಲಿ, ತಕ್ಕಡಿಗೆ ಅದರ ಪರಿವೆಯಿಲ್ಲ.

ಅಳೆಯಬೇಕಾದುದು ಮನುಷ್ಯನ ಮನಸ್ಸಾದರೆ ಸಂಗತಿಯೇ ಬೇರೆಯಾಗುವುದು. ಮನಸ್ಸಿನ ಒಲವುಗಳನ್ನು ತಿಳಿಯಲು ಮನೋವಿಜ್ಞಾನಿಗಳು ಬಹುಮಟ್ಟಿಗೆ ಬಳಸುವ ಸಾಧನವು ಪ್ರಶ್ನಾವಳಿ. ಅಲ್ಲಿ ಭಾಷೆಯೇ ಕುಲುಮೆ, ಭಾಷೆಯೇ ತಕ್ಕಡಿ. ಭಾಷೆಯನ್ನು ಬದಲಾಯಿಸಿದೆವೆಂದರೆ ಸಾಧನವನ್ನೇ ಬದಲಾಯಿಸಿದಂತಾಯಿತು. ಹೀಗಿರುವಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿದ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಅದರಿಂದ ದೊರೆತ ಅಂಕಗಳನ್ನು ಮೊದಲಿನ ಅಂಕಗಳೊಡನೆ ಹೋಲಿಸುವುದು ಎಷ್ಟರಮಟ್ಟಿಗೆ ನ್ಯಾಯ?

ಭೌತಶಾಸ್ತ್ರವನ್ನು ಬೋಧಿಸುವ ನಾವು ಈ ವಿಚಾರಕ್ಕೆ ಕೈಹಾಕಿದುದಕ್ಕೆ ಕಾರಣವಿದೆ. ಪದವಿ ತರಗತಿಯ ಒಬ್ಬ ವಿದ್ಯಾರ್ಥಿಯು ತನ್ನ ಫೋನಿನಲ್ಲಿ ಎಲ್ಲಿಂದಲೋ ಬಂದ, ಯಾರೋ ಕನ್ನಡಿಸಿದ ಇಂಥದೊಂದು ಪ್ರಶ್ನಾವಳಿಗೆ ಉತ್ತರ ತುಂಬಿ, ಅಂಕಗಳು 'ಅಪಾಯದ ಗೆರೆ'ಯನ್ನು ದಾಟಿದುವೆಂದು ಕಂಡು, ಎರಡು ರಾತ್ರಿ ನಿದ್ರೆಗೆಟ್ಟು ನಮ್ಮ ಬಳಿಗೆ ಬಂದನು. ತನಗೆ ಹುಚ್ಚು ಹಿಡಿಯುವುದೆ ಎಂಬುದು ಅವನ ಪ್ರಶ್ನೆ. ಅವನು 'ಹೌದು' ಎಂದು ಗುರುತಿಸಿದ್ದ ಪ್ರಶ್ನೆಗಳನ್ನು ಓದಿ ನೋಡಿದೆವು. ಅವುಗಳಲ್ಲಿ ಅರ್ಧದಷ್ಟಕ್ಕೆ ಅವನ ಅಜ್ಜಿಯೂ, ಓಣಿಯ ಹತ್ತು ಮನೆಯವರೂ 'ಹೌದು' ಎಂದೇ ಹೇಳುತ್ತಿದ್ದರು.

ಆ ಪ್ರಶ್ನಾವಳಿಯು ಅಳೆಯಲು ಹೊರಟಿದ್ದುದು ಸ್ಕಿಜೋಟೈಪಿ ಎಂಬ ವ್ಯಕ್ತಿತ್ವಲಕ್ಷಣಗಳನ್ನು. ಈ ಹೆಸರಿಗೆ ಮೂಲವಾದ ಸ್ಕಿಜೋಫ್ರೀನಿಯಾ ಎಂಬ ಪದವನ್ನು ಸ್ವಿಟ್ಜರ್‌ಲೆಂಡಿನ ವೈದ್ಯ ಬ್ಲಾಯ್ಲರ್ 1908ರಲ್ಲಿ ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು ಇಚ್ಚಿತ್ತ ವಿಕಲತೆ ಎನ್ನುವುದುಂಟು. ಗ್ರೀಕ್ ಮಾತಿನ ಅರ್ಥ 'ಸೀಳಿದ ಮನಸ್ಸು' ಎಂಬುದು ದಿಟ. ಆದರೆ 'ಇಚ್ಚಿತ್ತ' ಎಂದೊಡನೆ ಒಬ್ಬನೊಳಗೆ ಇಬ್ಬರು ಮನುಷ್ಯರು ಸೇರಿಕೊಂಡಿರುವ ಸಿನಿಮಾ ಚಿತ್ರವೇ ಓದುಗರ ಕಣ್ಣಮುಂದೆ ನಿಲ್ಲುವುದು. ರೋಗದ ಸ್ವರೂಪ ಹಾಗಿಲ್ಲ. ಇಲ್ಲದ ದನಿ ಕೇಳುವುದು, ಆಧಾರವಿಲ್ಲದ ನಂಬಿಕೆ ಅಲುಗಾಡದಂತೆ ಬೇರೂರುವುದು, ಯೋಚನೆಯ ಎಳೆ ಕಡಿಯುವುದು, ಉತ್ಸಾಹ ಬತ್ತುವುದು, ಇವು ಅದರ ಕುರುಹುಗಳು. ಜಪಾನಿನಲ್ಲಿಯೂ 'ಸೀಳಿದ ಮನಸ್ಸಿನ ರೋಗ' ಎಂಬರ್ಥದ ಹೆಸರೇ ರೂಢಿಯಲ್ಲಿತ್ತು. 2002ರಲ್ಲಿ ಅಲ್ಲಿಯ ವೈದ್ಯರು ಅದನ್ನು ಕೈಬಿಟ್ಟು 'ಹೊಂದಾಣಿಕೆ ತಪ್ಪಿದ ಸ್ಥಿತಿ' ಎಂಬರ್ಥದ ಬೇರೆ ಹೆಸರನ್ನಿಟ್ಟರು. ಆ ಬಳಿಕ ರೋಗಿಗೆ ರೋಗದ ಹೆಸರನ್ನು ನೇರವಾಗಿ ತಿಳಿಸುವ ವೈದ್ಯರ ಸಂಖ್ಯೆ ಹೆಚ್ಚಿತು. ಒಂದು ಪದದ ಭಾಷಾಂತರದಿಂದಲೇ ಇಷ್ಟು ವ್ಯತ್ಯಾಸವಾಗುವುದಾದರೆ ಎಪ್ಪತ್ತು ಪ್ರಶ್ನೆಗಳ ಭಾಷಾಂತರದಿಂದ ಎಷ್ಟಾಗಬಹುದು!

ಸ್ಕಿಜೋಟೈಪಿಯು ರೋಗವಲ್ಲ. ರೋಗದ ಲಕ್ಷಣಗಳ ತೆಳುವಾದ ನೆರಳು ಆರೋಗ್ಯವಂತರಲ್ಲಿಯೂ ಹೆಚ್ಚು ಕಡಿಮೆಯಾಗಿ ಹರಡಿರುವುದೆಂಬ ಕಲ್ಪನೆಯಿಂದ ಈ ಮಾತು ಹುಟ್ಟಿತು. 1962ರಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಮೀಲ್ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು. ಕೆಲವರು ಹುಟ್ಟಿನಿಂದಲೇ ಅಂಥ ಒಲವುಳ್ಳವರು, ಅವರಲ್ಲಿ ಕೆಲವರು ಮಾತ್ರ ರೋಗಿಗಳಾಗುವರು ಎಂಬುದು ಅವರ ಮತ. ಇಂಗ್ಲೆಂಡಿನ ಗಾರ್ಡನ್ ಕ್ಲಾರಿಜ್ ಮುಂತಾದವರಾದರೋ ಇದನ್ನು ಎತ್ತರ ತೂಕಗಳಂತೆ ಎಲ್ಲರಲ್ಲಿಯೂ ಸ್ವಲ್ಪ ಸ್ವಲ್ಪವಿರುವ ಗುಣವೆಂದೇ ಭಾವಿಸಿದರು. ಈ ವಾದ ಇನ್ನೂ ಮುಗಿದಿಲ್ಲ. ಹೆಚ್ಚು ಅಂಕ ಪಡೆದವರಲ್ಲಿ ಬಹುಪಾಲು ಜನರಿಗೆ ರೋಗವು ಎಂದೂ ಬರುವುದಿಲ್ಲವೆಂಬುದು ಎರಡೂ ಪಕ್ಷದವರಿಗೆ ಒಪ್ಪಿಗೆಯಾದ ಮಾತು.

ಅಳತೆಯ ಸಾಧನಗಳಲ್ಲಿ ಹೆಸರಾದುದು ಏಡ್ರಿಯನ್ ರೇಯ್ನ್ 1991ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಅದರಲ್ಲಿ 74 ಪ್ರಶ್ನೆಗಳು. ಪ್ರತಿಯೊಂದಕ್ಕೂ 'ಹೌದು' ಅಥವಾ 'ಇಲ್ಲ' ಎಂಬುದೇ ಉತ್ತರ, 'ಹೌದು' ಎಂಬುದಕ್ಕೆ ಒಂದು ಅಂಕ. ಸುತ್ತಲಿನ ಘಟನೆಗಳಲ್ಲಿ ತನಗಾಗಿಯೇ ಸೂಚನೆಯಿದೆಯೆಂದು ತೋರುವುದು, ವಿಲಕ್ಷಣ ನಂಬಿಕೆ, ವಿಲಕ್ಷಣ ಅನುಭವ, ಸಂಶಯ, ಜನರೆದುರು ಅಳುಕು, ಆಪ್ತರ ಅಭಾವ, ಭಾವನೆಗಳ ಬಡತನ, ವಿಚಿತ್ರವಾದ ನಡತೆ, ದಾರಿತಪ್ಪುವ ಮಾತು, ಹೀಗೆ ಒಂಬತ್ತು ಲಕ್ಷಣಗಳನ್ನು ಅದು ಕೆದಕುವುದು. ರೇಯ್ನ್ ಅವರ ಮೊದಲ ಅಧ್ಯಯನದಲ್ಲಿ ಅತಿ ಹೆಚ್ಚು ಅಂಕ ಪಡೆದ ನೂರಕ್ಕೆ ಹತ್ತು ಮಂದಿಯನ್ನು ಆರಿಸಿ ಮುಖಾಮುಖಿ ಸಂದರ್ಶನ ಮಾಡಿದಾಗ, ಅವರಲ್ಲಿ ನೂರಕ್ಕೆ 55 ಮಂದಿಗೆ ಮಾತ್ರ ಸ್ಕಿಜೋಟೈಪಲ್ ವ್ಯಕ್ತಿತ್ವದೋಷವಿದೆಯೆಂದು ತೀರ್ಮಾನವಾಯಿತು. ತನ್ನ ಹುಟ್ಟು ಭಾಷೆಯಲ್ಲಿಯೇ, ತನ್ನ ನೆಲದಲ್ಲಿಯೇ ಅದರ ಗುರಿ ಅಷ್ಟು!

ಈಗ ಅದು ಕನ್ನಡಕ್ಕೆ ಬರುವುದೆಂದು ಇಟ್ಟುಕೊಳ್ಳೋಣ. ಮುಂದಿನ ಉದಾಹರಣೆಗಳು ಆ ಪ್ರಶ್ನಾವಳಿಯವಲ್ಲ. ವಿಷಯ ತಿಳಿಯಲೆಂದು ನಾವೇ ಕಟ್ಟಿದವು.

'ನಿಮಗೆ ಆಪ್ತ ಗೆಳೆಯರು ಯಾರೂ ಇಲ್ಲವೆ?' ಎಂದು ಕೇಳಿದೆವೆನ್ನಿ. ಗೆಳೆಯರೇ ಇಲ್ಲದ ಹುಡುಗನು ಕನ್ನಡದ ಸಹಜ ರೀತಿಯಲ್ಲಿ 'ಇಲ್ಲ' ಎನ್ನುವನು. ಅವನ ಮಾತಿನ ಅರ್ಥ 'ಗೆಳೆಯರು ಇಲ್ಲ' ಎಂದು. ಗುಮಾಸ್ತನು 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಸೊನ್ನೆ ಅಂಕ ಕೊಡುವನು. ಗೆಳೆಯರಿರುವ ಇನ್ನೊಬ್ಬನು 'ಇದ್ದಾರೆ' ಎನ್ನುವನು. ಅದಕ್ಕೆ ಚೌಕವೇ ಇಲ್ಲ. ಇಂಗ್ಲಿಷಿನ 'ನೋ' ಎಂಬುದು ಪ್ರಶ್ನೆಗೆ ಕೊಡುವ ನಿರಾಕರಣೆ; ಕನ್ನಡದ 'ಇಲ್ಲ' ಎಂಬುದು ಲೋಕದಲ್ಲಿ ಒಂದು ವಸ್ತುವಿನ ಅಭಾವವನ್ನು ಹೇಳುವ ಕ್ರಿಯಾಪದ. ಇವೆರಡನ್ನೂ ಒಂದೇ ಎಂದು ಭಾವಿಸಿ ಅಚ್ಚು ಹಾಕಿದ ಪ್ರಶ್ನಾವಳಿಯು, ಯಾರನ್ನು ಹುಡುಕಬೇಕೊ ಅವರನ್ನೇ ಬಿಟ್ಟುಬಿಡುವುದು. ಪ್ರಶ್ನೆಯ ಬದಲು 'ನನಗೆ ಆಪ್ತ ಗೆಳೆಯರಿಲ್ಲ' ಎಂಬ ಹೇಳಿಕೆಯನ್ನಿಟ್ಟು 'ನನ್ನ ಮಟ್ಟಿಗೆ ನಿಜ', 'ನಿಜವಲ್ಲ' ಎಂಬ ಎರಡು ಚೌಕಗಳನ್ನು ಕೊಟ್ಟರೆ ಈ ತೊಡಕು ಬಹಳಷ್ಟು ಬಿಡುವುದು.

ಇನ್ನು 'ಹೌದು' ಎಂಬುದರ ಗತಿಯೇನು? ರಾಯಚೂರು ಸೀಮೆಯಲ್ಲಿ ಹಿರಿಯರೋ ಅಧಿಕಾರಿಗಳೋ ಮಾತನಾಡುವಾಗ ನಡುನಡುವೆ 'ಹೂಂ', 'ಹೌದ್ರೀ' ಎನ್ನುವುದು ಮರ್ಯಾದೆ. 'ತಾವು ಹೇಳುತ್ತಿರುವುದು ಕೇಳಿಸುತ್ತಿದೆ' ಎಂಬಷ್ಟೇ ಅದರ ಅರ್ಥ. ಎಲ್ಲ 74 ಪ್ರಶ್ನೆಗಳಲ್ಲಿಯೂ 'ಹೌದು' ಎಂಬುದಕ್ಕೇ ಅಂಕ ಸಲ್ಲುವ ಕಡೆ, ಪ್ರಶ್ನೆಯನ್ನು ಓದಿ ಹೇಳಿ ಉತ್ತರ ಬರೆದುಕೊಳ್ಳುವ ಪದ್ಧತಿಯಾದರೆ, ವಿನಯವೇ ರೋಗಲಕ್ಷಣವಾಗಿ ಲೆಕ್ಕಕ್ಕೆ ಬರುವುದು. ಸಂಕೋಚದ ಸಂಗತಿಯೂ ಹೀಗೆಯೇ. ಹೊಸಬರೆದುರು ಹಿಂಜರಿಯುವುದನ್ನು ಅಳುಕೆಂದು ಎಣಿಸುವ ಪ್ರಶ್ನೆಯು, ಭಿಡೆಯನ್ನು ಸದ್ಗುಣವೆಂದು ಕಲಿಸುವ ಮನೆಯಲ್ಲಿ ಬೆಳೆದ ಹುಡುಗಿಯಿಂದ ಸುಲಭವಾಗಿ 'ಹೌದು' ಪಡೆಯುವುದು. 'ಜನರು ನಿಮ್ಮ ಬಗ್ಗೆ ಮಾತಾಡಿಕೊಳ್ಳುವರೆಂದು ಅನಿಸುವುದೆ?' ಎಂದು ಗಣಿಯ ವಸತಿಯಂಥ ಚಿಕ್ಕ ಊರಿನಲ್ಲಿ ಕೇಳಿದರೆ, ಅಲ್ಲಿ ಜನರು ನಿಜವಾಗಿಯೇ ಮಾತಾಡಿಕೊಳ್ಳುವರು. ಅದನ್ನು ತಿಳಿದಿರುವುದು ಸಂಶಯರೋಗವಲ್ಲ, ಲೋಕಜ್ಞಾನ.

ಎಲ್ಲಕ್ಕಿಂತ ಕಠಿನವಾದುದು ನಂಬಿಕೆಗಳನ್ನು ಕುರಿತ ಭಾಗ. ಬಲಗಣ್ಣು ಅದುರಿದರೆ, ಹಲ್ಲಿ ಲೊಚಗುಟ್ಟಿದರೆ, ಹಾಲಕ್ಕಿ ನುಡಿದರೆ ಅದರಲ್ಲೊಂದು ಸೂಚನೆಯಿದೆಯೆಂದು ನಂಬುವವರು ನಮ್ಮಲ್ಲಿ ಲಕ್ಷಾಂತರ. ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷವೂ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಕೇಳಲು ಸೇರುವ ಜನಸಾಗರವನ್ನು ವಾಚಕರು ಬಲ್ಲರು. ಆ ಸಾಲಿನಲ್ಲಿ ಮಳೆ ಬೆಳೆಗಳ ಭವಿಷ್ಯವನ್ನು ಓದುವವರೆಲ್ಲರೂ ಸ್ಕಿಜೋಟೈಪಲ್ ವ್ಯಕ್ತಿಗಳೆ? 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ, ರಾತ್ರಿ ದೆವ್ವವೊಂದು ಬಂಧುಗಳ ದನಿಯಲ್ಲಿ ಹೆಸರು ಹಿಡಿದು ಕರೆಯುವುದೆಂಬ ಸುದ್ದಿ ಹಬ್ಬಿ, ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಯಾರೂ ಇಲ್ಲದಾಗ ನಿಮ್ಮ ಹೆಸರನ್ನು ಕರೆದಂತೆ ಕೇಳಿಸಿದೆಯೆ ಎಂದು ಆ ವಾರ ಕೇಳಿದ್ದರೆ ಊರಿಗೆ ಊರೇ ಗೆರೆ ದಾಟುತ್ತಿತ್ತು.

ಈ ನಂಬಿಕೆಗಳು ಸತ್ಯವೆಂದು ನಾವು ಹೇಳುತ್ತಿಲ್ಲ. ದೆವ್ವವು ಕನ್ನಡ ಓದಬಲ್ಲುದೆಂಬುದಕ್ಕೆ ಆಧಾರ ಕಡಿಮೆ. ಸುತ್ತಲಿನ ಸಮಾಜವೆಲ್ಲ ಹಂಚಿಕೊಂಡಿರುವ ನಂಬಿಕೆ ಬೇರೆ, ಒಬ್ಬನಲ್ಲಿಯೇ ಹುಟ್ಟಿ ಅವನನ್ನು ಇತರರಿಂದ ದೂರ ಮಾಡುವ ನಂಬಿಕೆ ಬೇರೆ ಎಂಬುದೊಂದೇ ನಮ್ಮ ವಾದ. ಮನೋವೈದ್ಯರು ಬಳಸುವ ರೋಗನಿರ್ಣಯದ ಕೈಪಿಡಿಗಳೂ 'ಆತನ ಸಮಾಜದ ರೂಢಿಗೆ ಹೊಂದದ' ನಂಬಿಕೆಯನ್ನು ಮಾತ್ರ ಲಕ್ಷಣವೆಂದು ಎಣಿಸುವುವು. ಆ ಷರತ್ತು ಕೈಪಿಡಿಯಲ್ಲಿ ಉಳಿದು, ಹೌದು-ಇಲ್ಲಗಳ ಚೌಕದಲ್ಲಿ ಬಿದ್ದುಹೋಗುವುದು.

ಭಾಷಾಂತರದ ದೋಷಗಳನ್ನು ಹಿಡಿಯಲು ವಿದ್ವಾಂಸರು ಒಂದು ಉಪಾಯ ಹೂಡಿದ್ದಾರೆ. ಇಂಗ್ಲಿಷಿನಿಂದ ಕನ್ನಡಕ್ಕೆ ಒಬ್ಬರು ತಂದುದನ್ನು, ಮೂಲವನ್ನು ನೋಡದ ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ತಿರುಗಿಸುವರು. 1970ರಲ್ಲಿ ಬ್ರಿಸ್ಲಿನ್ ಎಂಬವರು ಈ ಕ್ರಮವನ್ನು ವ್ಯವಸ್ಥಿತವಾಗಿ ವಿವರಿಸಿದ ಮೇಲೆ ಅದು ಎಲ್ಲೆಡೆ ರೂಢಿಯಾಯಿತು. ಒಳ್ಳೆಯ ಉಪಾಯವೇ, ಆದರೆ ಅದರಿಂದ ಪರೀಕ್ಷೆಗೊಳಗಾಗುವವರು ಭಾಷಾಂತರಕಾರರು, ಓದುಗರಲ್ಲ. 'ಅತೀಂದ್ರಿಯ ಅನುಭವ' ಎಂಬ ಮಾತು ಇಂಗ್ಲಿಷಿಗೆ ಅಚ್ಚುಕಟ್ಟಾಗಿ ಮರಳುವುದು. ಲಿಂಗಸುಗೂರಿನ ಸುತ್ತಲಿನ ತಾಂಡಾದಿಂದ ಬಂದು ಮನೆಯಲ್ಲಿ ಲಂಬಾಣಿ, ತರಗತಿಯಲ್ಲಿ ಕನ್ನಡ ಆಡುವ ವಿದ್ಯಾರ್ಥಿಗೆ ಅದು ಏನನ್ನೂ ಹೇಳದು. 'ಶಕ್ತಿ' ಎಂದು ಬರೆದರೆ ಭೌತಶಾಸ್ತ್ರದ ವಿದ್ಯಾರ್ಥಿಗೆ ಜೂಲ್ ನೆನಪಾಗುವುದು, ಅವನ ತಾಯಿಗೆ ಊರ ದೇವತೆ ನೆನಪಾಗುವಳು.

ಇದೇನೂ ಹೊಸ ಕಷ್ಟವಲ್ಲ. ಹಟ್ಟಿಗೆ ದೂರವಲ್ಲದ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು ಕಂಡುಹಿಡಿದ ಶಾಸನದಿಂದ 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಸ್ಥಿರಪಟ್ಟಿತಷ್ಟೆ. ಅದೇ ಅಶೋಕನ ಶಾಸನವೊಂದು 1958ರಲ್ಲಿ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ದೊರೆಯಿತು. ಅಲ್ಲಿ 'ಧಮ್ಮ' ಎಂಬುದಕ್ಕೆ ಗ್ರೀಕರಲ್ಲಿ ಭಕ್ತಿಶ್ರದ್ಧೆಗಳನ್ನು ಸೂಚಿಸುವ ಒಂದು ಪದವನ್ನು ಇಟ್ಟಿದ್ದಾರೆ. ಭಾಷಾಂತರ ಸರಿಯೆ ತಪ್ಪೆ ಎಂದು ಹೇಳುವಂತಿಲ್ಲ. ಓದಿದ ಗ್ರೀಕನು ಪಡೆದ ಅರ್ಥ ಮಸ್ಕಿಯ ಓದುಗನು ಪಡೆದ ಅರ್ಥವಲ್ಲ, ಅಷ್ಟೆ.

ಹಾಗಾದರೆ ಎರಡು ಭಾಷೆಗಳ ಅಂಕಗಳನ್ನು ಹೋಲಿಸುವುದು ಸಾಧ್ಯವೇ ಇಲ್ಲವೆ? ಸಾಧ್ಯವಿದೆ. ಇಲ್ಲಿ ಉಷ್ಣಮಾಪಕದ ದೃಷ್ಟಾಂತ ನೆರವಿಗೆ ಬರುವುದು. ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಮಾಪಕಗಳು ಎರಡು ರೀತಿಯಲ್ಲಿ ಭಿನ್ನ. ಒಂದು ಸೆಲ್ಸಿಯಸ್ ಡಿಗ್ರಿಯ ಅಂತರವು 1.8 ಫ್ಯಾರನ್‌ಹೀಟ್ ಡಿಗ್ರಿಗಳಿಗೆ ಸಮ. ಇದು ಮೂಲಮಾನದ ಭೇದ. ಮಂಜು ಕರಗುವ ಬಿಂದು ಒಂದರಲ್ಲಿ 0, ಇನ್ನೊಂದರಲ್ಲಿ 32. ಇದು ಆರಂಭಬಿಂದುವಿನ ಭೇದ. ಇವೆರಡೂ ತಿಳಿದಿರುವುದರಿಂದಲೇ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವೆವು. ಪ್ರಶ್ನಾವಳಿಯ ವಿಷಯದಲ್ಲಿಯೂ ಸಂಖ್ಯಾಶಾಸ್ತ್ರಜ್ಞರು ಇದನ್ನೇ ಮಾಡುವರು. ಎರಡು ಭಾಷೆಗಳಲ್ಲಿಯೂ ನೂರಾರು ಜನರ ಉತ್ತರಗಳನ್ನು ಸಂಗ್ರಹಿಸಿ, ಯಾವ ಪ್ರಶ್ನೆಗಳು ಯಾವುವುಗಳೊಡನೆ ಗುಂಪುಗೂಡುವುವೆಂದು ಮೊದಲು ನೋಡುವರು. ಬಳಿಕ, ಲಕ್ಷಣವು ಒಂದು ಪಾಲು ಹೆಚ್ಚಿದರೆ 'ಹೌದು' ಎನ್ನುವ ಸಂಭವವು ಎರಡು ಭಾಷೆಗಳಲ್ಲಿಯೂ ಸಮನಾಗಿ ಹೆಚ್ಚುವುದೆ ಎಂದು ಪರೀಕ್ಷಿಸುವರು; ಇದು ಡಿಗ್ರಿಯ ಗಾತ್ರ. ಕೊನೆಯದಾಗಿ, ಲಕ್ಷಣವು ಒಂದೇ ಮಟ್ಟದಲ್ಲಿರುವ ಇಬ್ಬರು, ಒಬ್ಬರು ಇಂಗ್ಲಿಷಿನಲ್ಲಿ ಒಬ್ಬರು ಕನ್ನಡದಲ್ಲಿ, ಒಂದೇ ಅಂಕ ಪಡೆಯುವರೆ ಎಂದು ನೋಡುವರು. ಇದು ಸೊನ್ನೆಯ ಸ್ಥಾನ. ಕೊನೆಯ ಪರೀಕ್ಷೆಯಲ್ಲಿ ಉತ್ತೀರ್ಣವಾಗದ ಪ್ರಶ್ನಾವಳಿಯಿಂದ 'ಕನ್ನಡಿಗರ ಸರಾಸರಿ ಹೆಚ್ಚು' ಎಂದು ಸಾರುವುದು, 86 ಡಿಗ್ರಿ ಫ್ಯಾರನ್‌ಹೀಟಿನ ಊರು 30 ಡಿಗ್ರಿ ಸೆಲ್ಸಿಯಸ್ಸಿನ ಊರಿಗಿಂತ ಬಿಸಿಯೆಂದು ಸಾರಿದಂತೆ.

ಗುಂಪುಗೂಡುವ ರೀತಿಯು ದೇಶ ಮತಗಳನ್ನು ಮೀರಿ ಬಹುಮಟ್ಟಿಗೆ ಒಂದೇ ಎಂಬುದಕ್ಕೆ ಸಾಕ್ಷ್ಯವಿದೆ. ಭಾರತಮೂಲದವರೇ ಹೆಚ್ಚಾಗಿರುವ ಮಾರಿಷಸ್ ದ್ವೀಪದ ಸುಮಾರು 1,200 ಯುವಜನರ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ರೇಯ್ನ್ ಪ್ರಶ್ನಾವಳಿಯ ಒಂಬತ್ತು ಲಕ್ಷಣಗಳು ಅಲ್ಲಿಯೂ ಅನುಭವ, ಜನಸಂಪರ್ಕ, ಅವ್ಯವಸ್ಥೆ ಎಂಬ ಮೂರು ಗುಂಪುಗಳಾಗಿಯೇ ನಿಂತವು. ಮತಭೇದದಿಂದ ಆ ಚಿತ್ರ ಕದಡಲಿಲ್ಲ. ಅದರಿಂದ ಮನಸ್ಸಿನ ರಚನೆಯಲ್ಲಿ ಏನೋ ಸಮಾನವಾದುದಿದೆಯೆಂದು ಊಹಿಸಬಹುದು. ಆದರೆ ರಚನೆ ಒಂದೇ ಎಂದಮಾತ್ರಕ್ಕೆ ಸೊನ್ನೆ ಒಂದೇ ಕಡೆ ಇದೆಯೆಂದಾಗದು. ಅನೇಕರು ಇಲ್ಲಿಯೇ ಎಡವುವುದು. ಪ್ರಶ್ನೆಗಳ ಪರಸ್ಪರ ಹೊಂದಾಣಿಕೆಯನ್ನು ತೋರಿಸುವ ಒಂದು ಗುಣಾಂಕವನ್ನು ಲೆಕ್ಕ ಹಾಕಿ, ಅದು ದೊಡ್ಡದಾಗಿದೆಯೆಂದು ತೃಪ್ತರಾಗಿ, ಭಾಷಾಂತರ ಸಿದ್ಧವಾಯಿತೆಂದು ಘೋಷಿಸುವರು. ಪ್ರತಿಸಲವೂ ನೂರು ಗ್ರಾಂ ಹೆಚ್ಚು ತೋರುವ ಅಂಗಡಿಯ ತಕ್ಕಡಿಯೂ ತನ್ನೊಳಗೆ ತಾನು ಬಹಳ ಹೊಂದಾಣಿಕೆಯುಳ್ಳದ್ದೇ.

ಸೊನ್ನೆ ಸರಿದರೆ ಏನಾಗುವುದು? ಲೆಕ್ಕ ಹಾಕಿ ನೋಡೋಣ. ಒಂದು ಸಾವಿರ ವಿದ್ಯಾರ್ಥಿಗಳಲ್ಲಿ ನಿಜವಾಗಿ ವೈದ್ಯರ ನೆರವು ಬೇಕಾದವರು ಹತ್ತು ಮಂದಿ ಎಂದು ಭಾವಿಸೋಣ. ಪರೀಕ್ಷೆಯು ಈ ಹತ್ತರಲ್ಲಿ ಎಂಟನ್ನು ಹಿಡಿಯಲಿ, ಉಳಿದ 990 ಮಂದಿಯಲ್ಲಿ ನೂರಕ್ಕೆ ಹತ್ತರಂತೆ 99 ಮಂದಿಯನ್ನು ತಪ್ಪಾಗಿ ಹಿಡಿಯಲಿ. ಗೆರೆ ದಾಟಿದ 107 ಮಂದಿಯಲ್ಲಿ ನಿಜವಾದವರು ಎಂಟೇ; ಹದಿಮೂರು ಮಂದಿಗೆ ಒಬ್ಬರು. ಈಗ ಭಾಷಾಂತರದ ದೋಷದಿಂದ ಎಲ್ಲರಿಗೂ ಎರಡು ಮೂರು ಅಂಕ ಹೆಚ್ಚಾಗಿ ಬಿದ್ದು, ತಪ್ಪು ಹಿಡಿತವು ನೂರಕ್ಕೆ ಇಪ್ಪತ್ತಾಗಲಿ. ಗೆರೆ ದಾಟಿದವರು 206, ನಿಜವಾದವರು ಹೆಚ್ಚುಕಡಿಮೆ ಅದೇ ಎಂಟು. ಟನ್ನಿಗೆ ಕೆಲವು ಗ್ರಾಂ ಚಿನ್ನವಿರುವ ಕಡೆ ಒರೆಗಲ್ಲು ಸ್ವಲ್ಪ ಮೋಸ ಮಾಡಿದರೂ ಕಲ್ಲೆಲ್ಲ ಚಿನ್ನವಾಗಿ ಕಾಣುವುದು. ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸ್ಕಿಜೋಫ್ರೀನಿಯಾ ಮತ್ತು ಅದರ ಬಳಗದ ರೋಗಗಳು ಆ ಸಮಯದಲ್ಲಿ ಇದ್ದವರು ನೂರಕ್ಕೆ ಸುಮಾರು 0.4, ಜೀವಮಾನದಲ್ಲೊಮ್ಮೆ ಬಂದವರು ಸುಮಾರು 1.4. ವಿರಳವಾದುದನ್ನು ಹುಡುಕುವ ಸಾಧನವು ಎಷ್ಟು ನಿಖರವಾಗಿರಬೇಕೆಂಬುದು ಇದರಿಂದ ತಿಳಿಯುವುದು.

ಅತ್ತ ಕಡೆಯ ನಷ್ಟವೂ ಸಣ್ಣದಲ್ಲ. ಈ ರೋಗ ಸಾಮಾನ್ಯವಾಗಿ ತಲೆಯೆತ್ತುವುದು ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಪ್ರಾಯದಲ್ಲಿ, ಅಂದರೆ ಕಾಲೇಜಿನ ವಯಸ್ಸಿನಲ್ಲಿ. ಚಿಕಿತ್ಸೆ ಬೇಗ ದೊರೆತಷ್ಟೂ ಗುಣ ಹೆಚ್ಚು. 'ಇಲ್ಲ' ಎಂದ ತಪ್ಪಿಗೆ ಸೊನ್ನೆ ಪಡೆದು ಹಿಂದಿನ ಬೆಂಚಿನಲ್ಲಿ ಮೌನವಾಗಿ ಉಳಿದವನ ಎರಡು ಮೂರು ವರ್ಷಗಳನ್ನು ಯಾವ ಗುಣಾಂಕವೂ ಮರಳಿ ಕೊಡಲಾರದು.

ಪರದೇಶದ ಸಾಧನವನ್ನು ಎಚ್ಚರದಿಂದ ಬರಮಾಡಿಕೊಂಡ ಪರಂಪರೆ ಕನ್ನಡ ನಾಡಿಗೆ ಇಲ್ಲದೆ ಇಲ್ಲ. ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ವರದಿ ಪ್ರಕಟಿಸಿದರು. 1940ರಲ್ಲಿ ಅದು ಗ್ರಂಥವಾಗಿ ಬಂದಿತು. ಪ್ರಶ್ನೆಗಳನ್ನು ಕನ್ನಡಿಸಿ ಸುಮ್ಮನಾಗದೆ, ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ ಇಲ್ಲಿಯ ಮಾನದಂಡವನ್ನು ನಿಲ್ಲಿಸಿದುದೇ ಅವರ ಹೆಚ್ಚುಗಾರಿಕೆ. ಬಿನೆ–ಕಾಮತ್ ಪರೀಕ್ಷೆಯು ಇಂದಿಗೂ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ, ಅಷ್ಟು ಹಳೆಯ ಮಾನದಂಡವನ್ನು ಹಾಗೆಯೇ ಇಟ್ಟುಕೊಂಡಿರುವುದು ತರವೆ ಎಂಬುದು ಬೇರೆ ಚರ್ಚೆ. ಆಮೇಲೆ ಉಡುಪಿಯ ಬಳಿಯ ಕೋಟ ಗ್ರಾಮದಲ್ಲಿ ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಿದರು. ಆ ಕೆಲಸಕ್ಕಾಗಿ ಅವರು ಹೊರಗಿನ ಪ್ರಶ್ನಾವಳಿಯನ್ನು ಹಾಗೆಯೇ ತರದೆ ಭಾರತೀಯ ಸಂದರ್ಭಕ್ಕೆ ಹೊಂದುವ ಸಂದರ್ಶನ ಕ್ರಮವೊಂದನ್ನು ಹೊಸದಾಗಿ ಕಟ್ಟಿದರು; ಅದರ ವಿವರ 1974ರಲ್ಲಿಯೂ, ಕೋಟದ ಗ್ರಂಥ 1976ರಲ್ಲಿಯೂ ಹೊರಬಂದುವು.

ನಮ್ಮ ಬಳಿಗೆ ಬಂದ ವಿದ್ಯಾರ್ಥಿಗೆ ನಾವು ಉಷ್ಣಮಾಪಕದ ಕಥೆಯನ್ನೇ ಹೇಳಿದೆವು. ನಿದ್ರೆ, ಓದು, ಊಟ ಕೆಟ್ಟಿದ್ದರೆ ಫೋನಿನ ಅಂಕವನ್ನು ಬಿಟ್ಟು ವೈದ್ಯರನ್ನು ಕಾಣಬೇಕೆಂದೂ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸರ್ಕಾರಿ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದೆಂದೂ ತಿಳಿಸಿದೆವು. ಬಳಿಕ ಆ ಪ್ರಶ್ನಾವಳಿಯನ್ನು ಅವನೊಡನೆ ಕುಳಿತು ಇನ್ನೊಮ್ಮೆ ಓದಿದೆವು. 'ಹೌದು' ಎಂದ ಪ್ರತಿಯೊಂದು ಪ್ರಶ್ನೆಯ ಕೆಳಗೆ ಎರಡು ಉಪಪ್ರಶ್ನೆಗಳನ್ನು ಬರೆದೆವು: 'ನಿನ್ನ ಮನೆಯವರಿಗೂ ಹೀಗೆ ಅನಿಸುವುದೆ?', 'ಇದರಿಂದ ನಿನ್ನ ದಿನದ ಕೆಲಸಕ್ಕೆ ಅಡ್ಡಿಯಾಗಿದೆಯೆ?' ಮೊದಲನೆಯದಕ್ಕೆ 'ಇಲ್ಲ' ಎಂದೂ ಎರಡನೆಯದಕ್ಕೆ 'ಹೌದು' ಎಂದೂ ಉತ್ತರ ಬಂದ ಪ್ರಶ್ನೆಗಳು ಎರಡೇ ಉಳಿದವು. ಎರಡೂ ಪರೀಕ್ಷೆಯ ಭಯಕ್ಕೆ ಸಂಬಂಧಿಸಿದವು.